ಮಟ್ಟಸವಾಗಿ ಹಾಸಿದ ಅಂಗಳ

ಒಬ್ಬ ಸಾಹುಕಾರನಿದ್ದ, ಶರಣರೇ. ಹೆಸರು ಬೇಡ. ಹೆಸರು ಹೇಳಿದರೆ ನೀವು ಅವನೊಬ್ಬನನ್ನು ಬೈದು, ಕೈತೊಳೆದುಕೊಂಡು ಮನೆಗೆ ಹೋಗುತ್ತೀರಿ. ಸಾಹುಕಾರ ಅನ್ನೋಣ, ಸಾಕು.

ಈ ಸಾಹುಕಾರ ಒಂದು ಕಲ್ಯಾಣ ಮಂಟಪ ಕಟ್ಟಿಸಿದ. ಮುಂದೆ ದೊಡ್ಡ ಅಂಗಳ. ಅಂಗಳಕ್ಕೆ ಕಲ್ಲುಚಪ್ಪಡಿ ಹಾಸಬೇಕು. ಆ ಊರಲ್ಲಿ ಮೂವತ್ತು ವರ್ಷದಿಂದ ಕಲ್ಲು ಹಾಸುತ್ತಿದ್ದವನು ಒಬ್ಬನೇ ಮೇಸ್ತ್ರಿ. ಬಸ್ ನಿಲ್ದಾಣದ ಕಲ್ಲು ಅವನದು, ಸಂತೆ ಕಟ್ಟೆಯ ಕಲ್ಲು ಅವನದು. ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಕೂತು ಅವನ ಎರಡೂ ಮಂಡಿ ಹೋಗಿದ್ದವು. ದೇವರ ಮುಂದೆಯೂ ನೆಲಕ್ಕೆ ಕೂರಲಾರ, ಗೋಡೆ ಹಿಡಿದು ನಿಂತೇ ಕೈಮುಗಿಯುತ್ತಿದ್ದ. ಯಾರ ಕಾಲು ಎಡವದಿರಲಿ ಎಂದು ಆ ಮಂಡಿ ಹೋದವು ಸ್ವಾಮಿ? ನಮ್ಮದು, ನಿಮ್ಮದು!

ಅವನದೊಂದು ಪದ್ಧತಿ ಇತ್ತು. ಕಲ್ಲು ಮುಟ್ಟುವ ಮೊದಲು ಬರಿ ಮಣ್ಣಿನ ಮೇಲೆ ಒಂದು ಚೊಂಬು ನೀರು ಸುರಿಯುತ್ತಿದ್ದ. ನೀರು ಎತ್ತ ಹರಿಯುತ್ತದೆ, ಎಲ್ಲಿ ತಡೆಯುತ್ತದೆ, ನೋಡುತ್ತ ನಿಲ್ಲುತ್ತಿದ್ದ. ಆಮೇಲೆ ವಾಟ ಕೊಡುತ್ತಿದ್ದ. ವಾಟ ಅಂದರೆ ಗೊತ್ತಲ್ಲ, ನೀರು ಹರಿದುಹೋಗುವಷ್ಟು ಇಳಿಜಾರು. ಕಣ್ಣಿಗೆ ಕಾಣುವುದಿಲ್ಲ, ಕಾಲಿಗೂ ತಿಳಿಯುವುದಿಲ್ಲ. ನೀರಿಗೆ ಮಾತ್ರ ತಿಳಿಯುತ್ತದೆ.

ಸಾಹುಕಾರ ಇವನನ್ನು ಕರೆಯಲಿಲ್ಲ. ಕಲ್ಲು ಹಾಸುವ ಯಂತ್ರ ತರಿಸಿದ. ತಾನೇ ಕಲ್ಲೆತ್ತುತ್ತದೆ, ತಾನೇ ಅಳೆಯುತ್ತದೆ, ತಾನೇ ಕೂರಿಸುತ್ತದೆ. ಸುದ್ದಿ ಕೇಳಿ ಮೇಸ್ತ್ರಿ ಕುಂಟುತ್ತ ನೋಡಲು ಬಂದ. ಜಗಳಕ್ಕೆ ಬಂದ ಅಂದುಕೊಂಡಿರಾ? ಇಲ್ಲ! ನಾಲ್ಕಾಳು ಹೊರುವ ಚಪ್ಪಡಿಯನ್ನು ಅದು ಹಪ್ಪಳದ ಹಾಗೆ ಎತ್ತಿಡುವುದನ್ನು ನೋಡಿ ಅವನ ಮುಖ ಅರಳಿತು.

"ಸಾವ್ಕಾರ್ರೇ, ಒಳ್ಳೇ ಕೆಲ್ಸ ಮಾಡಿದ್ರಿ ಕಣ್ರೀ. ಇದೇ ಇಪ್ಪತ್ತು ವರ್ಷ ಮುಂಚೆ ಬಂದಿದ್ರೆ ನನ್ನ ಮಂಡಿ ಉಳೀತಿದ್ವು. ಅದು ಎತ್ತಿ ಹಾಕ್ಲಿ. ವಾಟ ನಾನು ನೋಡ್ಕೊಂತೀನಿ."

"ನೀನೇನ್ ನೋಡ್ಕೊಳ್ಳೋದು? ಅದಕ್ಕೆ ಲೇಸರ್ ಐತೆ. ನಿನ್ನ ಕಾಲ ಮುಗೀತು, ಮನೇಗ್ ಹೋಗಿ ಮಲ್ಕೋ ಹೋಗು."

ನೋಡಿ, ಮೂವತ್ತು ವರ್ಷದ ದುಡಿಮೆಗೆ ಒಂದು ಲೋಟ ನೀರು ಕೂಡ ಕೊಡದೆ ಇಷ್ಟು ಸಲೀಸಾಗಿ ಹೇಳಿಬಿಟ್ಟ!

ಯಂತ್ರ ನಡೆಸುವವನು ಬೇರೆ ಸೀಮೆಯವನು. ಅವನಿಗೆ ಸಾಹುಕಾರ ಹೇಳಿದ, "ಮಟ್ಟಸವಾಗಿ ಹಾಕಪ್ಪ."

"ಮಟ್ಟಸ ಅಂದರೇನು ಸಾರ್?"

"ಮಟ್ಟ ಅಂದ್ರೆ ಮಟ್ಟ ಕಣಯ್ಯ! ಊಟದ ತಟ್ಟೆ ಇದ್ದಂಗೆ ಇರ್ಬೇಕು."

ತಾಯಂದಿರೇ, ನೀವು 'ಕೆಲಸ ಮಟ್ಟಸವಾಗಿರಲಿ' ಅಂದರೆ ಏನರ್ಥ? ಚೊಕ್ಕಟವಾಗಿರಲಿ, ನೋಡಿದರೆ ಮನಸ್ಸಿಗೆ ಹಿಡಿಸಲಿ, ಅಷ್ಟೇ ತಾನೇ? ಮೇಸ್ತ್ರಿಗೆ ಈ ಮಾತು ಹೇಳಿದ್ದರೆ ಅವನು ಹೂಂ ಎಂದು, ತನ್ನ ಪಾಡಿಗೆ ವಾಟವನ್ನೂ ಕೊಡುತ್ತಿದ್ದ. ಯಂತ್ರಕ್ಕೆ ಅದೆಲ್ಲ ಎಲ್ಲಿ ಗೊತ್ತು? ಮಟ್ಟ ಅಂದರು, ಮಟ್ಟ ಹಾಕಿತು. ಕೂದಲೆಳೆಯಷ್ಟೂ ಏರಿಲ್ಲ, ಕೂದಲೆಳೆಯಷ್ಟೂ ಇಳಿದಿಲ್ಲ. ಯಂತ್ರದ ತಪ್ಪು ಒಂದಿಷ್ಟೂ ಇಲ್ಲ ನೋಡಿ, ಅದನ್ನು ಬೈಯಬೇಡಿ.

ಮೊದಲ ಮದುವೆ. ಮಧ್ಯಾಹ್ನದ ಪಂಕ್ತಿ ಕೂತಿದೆ. ಮಳೆ ಬಂತು. ಅಂಗಳದ ನೀರಿಗೆ ಹೋಗಲು ದಾರಿಯಿಲ್ಲ. ನಿಂತಿತು, ಏರಿತು, ಹೊಸ್ತಿಲು ದಾಟಿ ಊಟದ ಮನೆಗೆ ನುಗ್ಗಿತು. ಪಾಯಸದ ಸಮೇತ ಎಲೆಗಳು ತೇಲಿದವು! ಬೀಗರು ಪಂಚೆ ಎತ್ತಿ ಹಿಡಿದು ಸಾಹುಕಾರನ ಜನ್ಮ ಜಾಲಾಡಿದರು.

ಆಗ ಸಾಹುಕಾರ ಏನಂದ ಗೊತ್ತೆ? "ಆ ಮೇಸ್ತ್ರಿ ಮುಂಚೇನೇ ಬಿಡಿಸಿ ಹೇಳ್ಬೇಕಿತ್ತು!" ಅಬ್ಬಬ್ಬಾ! ನಾಚಿಕೆ ಅನ್ನುವುದು ಬೇಡವೇ ಮನುಷ್ಯನಿಗೆ?

ಮೇಸ್ತ್ರಿಯನ್ನು ಕರೆಸಿದರು. ಬಂದ ಪುಣ್ಯಾತ್ಮ. ಎರಡು ದಿನ ಚೊಂಬು ಹಿಡಿದು ಅಂಗಳ ಸುತ್ತಿದ. ಎಲ್ಲಿ ಎಷ್ಟು ತಗ್ಗಿಸಬೇಕು, ಯಾಕೆ ತಗ್ಗಿಸಬೇಕು, ಕೇಳಿದ್ದನ್ನೆಲ್ಲ ಹೇಳಿದ. ಅವನ ಒಂದೊಂದು ಮಾತನ್ನೂ ಯಂತ್ರಕ್ಕೆ ತುಂಬಿಸಿದರು. ಕಲ್ಲು ಕಿತ್ತು ಮತ್ತೆ ಹಾಸಿದರು. ನೀರು ಸರಾಗವಾಗಿ ಹರಿಯಿತು.

ಆಮೇಲೆ ಸನ್ಮಾನ! ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ವೇದಿಕೆಯ ಮೇಲೆ ಮೇಸ್ತ್ರಿ ಕೇಳಿದ್ದು ಒಂದೇ ಮಾತು: "ಸಾವ್ಕಾರ್ರೇ, ಮುಂದಿನ ಕೆಲ್ಸಕ್ಕೆ ಯಾವಾಗ ಬರ್ಲಿ?"

ಸಾಹುಕಾರ ನಕ್ಕ. "ಇನ್ನೆಂಥ ಕೆಲ್ಸನೋ? ನಿನಗೆ ಗೊತ್ತಿದ್ದುದೆಲ್ಲ ಈಗ ಮಿಷನ್ನಿಗೆ ಗೊತ್ತಾಯ್ತಲ್ಲ!" ನೆರೆದ ಜನ ಅದಕ್ಕೂ ಚಪ್ಪಾಳೆ ಹೊಡೆದರು.

ಹಿಂದಿನ ಸಾಲಿನಲ್ಲಿ ಯಾರೋ ತಲೆ ತಗ್ಗಿಸಿದಿರಿ. ಗೊತ್ತಾಯಿತು ಅನ್ನಿ, ಯಾವ ಊರೆಂದು! ಚಪ್ಪಾಳೆ ಹೊಡೆದವರು ನೀವೇ. ಶಾಲು ಹೊದಿಸಿದವನು ನಾನೇ, ಈ ಕಾವಿ ತೊಟ್ಟವನೇ. ಸಾಹುಕಾರರೇ, ಏಳಬೇಡಿ, ಕೂತುಕೊಳ್ಳಿ. ನನ್ನನ್ನೂ ಸೇರಿಸಿಯೇ ಬೈಯುತ್ತಿದ್ದೇನೆ.

ಆ ಮೇಸ್ತ್ರಿ ನಮ್ಮ ಓಬಳಪ್ಪ. ಅಲ್ಲಿ ಕಂಬಕ್ಕೆ ಒರಗಿ ನಿಂತಿದ್ದಾನೆ. ಆವತ್ತಿನಿಂದ ಇವತ್ತಿನವರೆಗೆ ಒಬ್ಬರಾದರೂ ಕೆಲಸಕ್ಕೆ ಕರೆದಿರಾ? ಅವನ ಬುದ್ಧಿ ಬೇಕು, ಅವನು ಬೇಡ! ಒಬ್ಬ ಮನುಷ್ಯನ ಮೂವತ್ತು ವರ್ಷವನ್ನು ಎರಡು ದಿನದಲ್ಲಿ ಹಿಂಡಿಕೊಂಡು ಕೈಗೆ ಹಣ್ಣಿನ ಬುಟ್ಟಿ ಕೊಡುವುದನ್ನು ನೀವು ಸನ್ಮಾನ ಅನ್ನುತ್ತೀರಾ? ನಾನು ಕಳ್ಳತನ ಅನ್ನುತ್ತೇನೆ. ಆ ಕಳ್ಳತನದಲ್ಲಿ ನನಗೂ ಪಾಲಿದೆ.

ಈಗ ಕೇಳಿ. ನಾಳೆ ನಿಮ್ಮ ಮನೆಯ ಅಂಗಳಕ್ಕೋ, ಕಣಕ್ಕೋ, ಅಂಗಡಿ ಮುಂದಕ್ಕೋ ಯಂತ್ರ ತರಿಸುತ್ತೀರಿ. ತರಿಸಿ, ಧಾರಾಳವಾಗಿ ತರಿಸಿ, ಯಾರ ಮಂಡಿಯೂ ಹೋಗುವುದು ಬೇಡ. ಆದರೆ ಯಂತ್ರದವನಿಗೆ ಫೋನು ಮಾಡುವ ಮೊದಲು, ಆ ಕೆಲಸ ಬಲ್ಲವನ ಮನೆ ಬಾಗಿಲಿಗೆ ಹೋಗಿ. ಕೇಳಿಕೊಂಡು ಕಳಿಸಿಬಿಡಬೇಡಿ. ಕೊನೆಯ ಕಲ್ಲು ಕೂರುವ ತನಕ ಅವನು ಅಲ್ಲಿರಲಿ, ಕೂಲಿಯವನಾಗಿ ಅಲ್ಲ, ಮೇಸ್ತ್ರಿಯಾಗಿ. ಅವನಿಂದ ಕಲಿತ ಯಂತ್ರ ಎಲ್ಲೆಲ್ಲಿ ಕಲ್ಲು ಹಾಸುತ್ತದೋ ಅಲ್ಲೆಲ್ಲ ಅವನಿಗೂ ಅನ್ನ ಹುಟ್ಟಬೇಕು. ಇದು ಆಗುವುದಿಲ್ಲ ಅನ್ನುವವರು ಇನ್ನು ಮೇಲೆ ಯಾರಿಗೂ ಶಾಲು ಹೊದಿಸುವುದು ಬೇಡ.

ಸೋಮವಾರ ಈ ಮಠದ ಅಂಗಳಕ್ಕೇ ಆ ಯಂತ್ರ ಬರುತ್ತಿದೆ. ಒಪ್ಪಿ ಸಹಿ ಹಾಕಿದವನೂ ನಾನೇ. ಓಬಳಪ್ಪನನ್ನು ಕೇಳಬೇಕೆಂದು ನನಗೂ ಹೊಳೆಯಲಿಲ್ಲವಲ್ಲ! ಓಬಳಪ್ಪ, ಬಾರಪ್ಪ. ಯಂತ್ರದ ಪಕ್ಕದಲ್ಲಿ ನಿನಗೊಂದು ಕುರ್ಚಿ ಹಾಕಿಸುತ್ತೇನೆ. ನೀನು 'ನಿಲ್ಸು' ಅಂದರೆ ಅದು ನಿಲ್ಲಬೇಕು. ನಿನ್ನ ಮಾತಿಗೆ ನಿಲ್ಲದೆ ಹಾಸಿದ ಕಲ್ಲಿನ ಮೇಲೆ ನಾನು ಪಾದ ಇಡುವುದಿಲ್ಲ. ಇಡುವವರು ನನಗೆ ನಮಸ್ಕಾರ ಮಾಡಲು ಬರಬೇಡಿ.