ಎಕ್ಸ್ ಜೋಕರ್ ಅಲ್ಲ

ಈ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ ನಮ್ಮ ಶಾಲಾಭಿವೃದ್ಧಿ ಸಮಿತಿಯ ಕೋದಂಡಪ್ಪನವರೇ, ಮುಖ್ಯೋಪಾಧ್ಯಾಯರಾದ ಮುನೀಂದ್ರ ಅವರೇ, ಕ್ಯಾಸಂಬಳ್ಳಿಯ ಸುತ್ತಮುತ್ತಲಿನಿಂದ, ಚಿನ್ನದ ಗಣಿಯ ಮೈಸೂರು ಮೈನ್ಸ್ ಕಡೆಯಿಂದ ಕೂಲಿ ಮುಗಿಸಿಕೊಂಡು ಬಂದು ಕೂತಿರುವ ತಾಯಂದಿರೇ, ತಂದೆಯರೇ, ಮುಖಕ್ಕೆ ಬಣ್ಣ ಹಚ್ಚಿಕೊಂಡು ಈ ಮೇಡಂ ಮಾತು ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿರುವ ಮಕ್ಕಳೇ, ಸಭಿಕರೇ,

ಹತ್ತು ವರ್ಷ ಈ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟೆನೆಂದು ನನಗೆ ಶಾಲು ಹೊದಿಸಿದ್ದೀರಿ. ಹಾಗೆಯೇ ಒಂದು ಕೆಲಸವನ್ನೂ ಒಪ್ಪಿಸಿದ್ದೀರಿ. ವೇದಿಕೆ ಹತ್ತುವ ಮುಂಚೆ ಕೋದಂಡಪ್ಪನವರು ನನ್ನನ್ನು ಪಕ್ಕಕ್ಕೆ ಕರೆದು, "ಕಲ್ಪನ ಮೇಡಂ, ಕ್ಲಾಸ್ನಾಗೆ ಎಲೆ ಆಟ ನಿಲ್ಲಿಸ್ತೀನಿ ಅಂತ ಮೈಕ್ನಾಗೆ ಒಂದ್ಮಾತು ಯೋಳ್ಬಿಡ್ರಿ, ಗಲಾಟೆ ಮುಗ್ದೋಯ್ತದೆ" ಎಂದರು. ಕ್ಷಮೆಯನ್ನೂ ಕೇಳಬೇಕಂತೆ. ಕ್ಷಮೆ ಕೇಳುತ್ತೇನೆ ಸ್ವಾಮಿ, ಖಂಡಿತ ಕೇಳುತ್ತೇನೆ. ಆದರೆ ಯಾವುದಕ್ಕೆ ಎಂಬುದನ್ನು ನಾನೇ ಹೇಳುತ್ತೇನೆ.

ಇಸ್ಪೀಟು ಎಲೆಗಳನ್ನು ತರಗತಿಗೆ ತಂದವಳು ನಾನು, ನಿಜ. ನಮ್ಮ ಮಕ್ಕಳಿಗೆ ಬೀಜಗಣಿತ ಎಂದರೆ ಜ್ವರ. ಮೂರರಲ್ಲಿ ಎಂಟು ಕಳೆ ಎಂದರೆ "ಹೋಗಲ್ಲ ಮಿಸ್" ಎಂದು ಕೈ ಚೆಲ್ಲುತ್ತಿದ್ದರು. ಕರಿ ಎಲೆ ಕೂಡುವುದು, ಕೆಂಪೆಲೆ ಕಳೆಯುವುದು ಎಂದೆ. ಕರಿ ಮೂರು, ಕೆಂಪು ಎಂಟು ಸೇರಿದರೆ ಕೆಂಪು ಐದು. ಒಂದೇ ವಾರಕ್ಕೆ ಋಣ ಸಂಖ್ಯೆ ತಲೆಗೆ ಹತ್ತಿತು. ಅಲ್ಲಿಯವರೆಗೆ ನನ್ನ ತಲೆಯೂ ನೆಟ್ಟಗಿತ್ತು.

ಆಮೇಲೆ ಎಕ್ಸ್ ಬಂತು. ಎಕ್ಸ್ ಎಂದರೆ ಏನು ಮಿಸ್ ಎಂದು ಕೇಳಿದರು. ಬಹಳ ಜಾಣೆಯ ಹಾಗೆ, ಎಕ್ಸ್ ಎಂದರೆ ಜೋಕರ್ ಕಣ್ರೋ ಎಂದುಬಿಟ್ಟೆ. ಎಲ್ಲರಿಗೂ ಅರ್ಥವಾಯಿತು. ಅರ್ಥವಾದದ್ದೇ ತಪ್ಪಾಯಿತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎಕ್ಸ್ ಕೂಡಿಸು ಎಕ್ಸ್ ಸಮ ಹನ್ನೆರಡು ಎಂದು ಕೊಟ್ಟೆ. ಹತ್ತನೆಯ ತರಗತಿಯ ಮೂವತ್ತೊಂದು ಮಕ್ಕಳಲ್ಲಿ ಹತ್ತೊಂಬತ್ತು ಜನ ಒಂದು ಎಕ್ಸ್ ಐದು, ಇನ್ನೊಂದು ಎಕ್ಸ್ ಏಳು ಎಂದು ಬರೆದಿದ್ದರು. ನಗಬೇಡಿ. ಕೋದಂಡಪ್ಪನವರು ನಗುತ್ತಿದ್ದಾರೆ, ಅವರಿಗೂ ರಮ್ಮಿ ಬರುತ್ತದೆ ಎಂದಾಯಿತು. ರಮ್ಮಿಯಲ್ಲಿ ಕೈಗೆ ಎರಡು ಜೋಕರ್ ಬಂದರೆ ಒಂದನ್ನು ಐದಕ್ಕೆ, ಇನ್ನೊಂದನ್ನು ಏಳಕ್ಕೆ ಹಾಕುವುದಿಲ್ಲವೇ? ಜಗಲಿಗಳಲ್ಲಿ ಆಟ ನೋಡಿ ಬೆಳೆದ ಮಕ್ಕಳು ಸರಿಯಾಗಿಯೇ ಬರೆದಿದ್ದರು. ತಪ್ಪು ಹೇಳಿಕೊಟ್ಟವಳು ನಾನು. ಆ ಹತ್ತೊಂಬತ್ತು ಮಕ್ಕಳ ಮುಂದೆ ಈಗ ಕ್ಷಮೆ ಕೇಳುತ್ತೇನೆ.

ಅದನ್ನು ತಿದ್ದಿದ್ದು ಯಾರು ಗೊತ್ತೇ? ಅದೇ ತರಗತಿಯ ಲಿಖಿತ. ಎದ್ದು ನಿಂತು, "ಮಿಸ್, ಜೋಕರ್ ನಾವು ಅಂದ್ಕಂಡಂಗೆ ಬದ್ಲಾಯ್ತದೆ. ಬೋರಲಾಕಿದ ಎಲೆ ಬದ್ಲಾಗಲ್ಲ. ಅದು ಏನೋ ಆಗೇ ಅದೆ, ನಮ್ಗೆ ಕಾಣ್ಸಲ್ಲ ಅಷ್ಟೆ" ಎಂದಳು. ಅವತ್ತಿನಿಂದ ಒಂದೇ ಅಂಕಿಯ ಎಲೆಗಳನ್ನು ಬೋರಲು ಹಾಕಿ ಎಕ್ಸ್ ಎನ್ನುತ್ತೇವೆ. ಡೆಸ್ಕಿನ ಮೇಲೆ ಸೀಮೆಸುಣ್ಣದ ಗೆರೆ, ಗೆರೆಯ ಎರಡೂ ಕಡೆ ಸಮ. ಈ ಕಡೆ ತೆಗೆದಷ್ಟು ಆ ಕಡೆಯೂ ತೆಗೆಯಬೇಕು. ಹತ್ತೊಂಬತ್ತು ಜನರಲ್ಲಿ ಹದಿನೇಳು ಜನ ಈಗ ಸಮೀಕರಣ ಬಿಡಿಸುತ್ತಾರೆ. ಇಪ್ಪತ್ತಾರು ವರ್ಷದ ನನ್ನ ನೌಕರಿಯಲ್ಲಿ ನನಗೆ ಪಾಠ ಹೇಳಿದ ಹುಡುಗಿ ಅವಳೊಬ್ಬಳೇ.

ಆ ಹುಡುಗಿ ಇವತ್ತು ಇಲ್ಲಿಲ್ಲ. ಹದಿನೆಂಟು ದಿನದಿಂದ ಶಾಲೆಗೇ ಬಂದಿಲ್ಲ. ಅಭ್ಯಾಸ ಮಾಡಲೆಂದು ನಾನೇ ಕೊಟ್ಟ ಎಲೆಯ ಕಟ್ಟು ಅವಳ ಬ್ಯಾಗಿನಲ್ಲಿ ತಾಯಿಯ ಕೈಗೆ ಸಿಕ್ಕಿತು. ಕಟ್ಟು ಒಲೆಗೆ ಹೋಯಿತು, ಲಿಖಿತ ಟೊಮೇಟೊ ಬಿಡಿಸಲು ಹೋದಳು. ನಾನು ಅವರ ಮನೆಗೆ ಹೋದಾಗ ನರಸಮ್ಮನವರು ಬಾಗಿಲಲ್ಲೇ ನಿಂತು, "ಈ ಎಲೆಗೋಳು ಒಂದು ಸಂಸಾರಾನ ಏನ್ ಮಾಡ್ತವೆ ಅಂತ ನಿಮ್ಗೇನಮ್ಮ ಗೊತ್ತು? ನಿಮ್ ಲೆಕ್ಕಾನೂ ಬ್ಯಾಡ, ನಿಮ್ ಸ್ಕೂಲೂ ಬ್ಯಾಡ, ಓಗ್ರಿ" ಎಂದರು. ನಾನು ಸ್ಕೂಟಿ ತಿರುಗಿಸಿಕೊಂಡು ಬಂದೆ. ಉತ್ತರ ಗೊತ್ತಿದ್ದೂ ಬಂದೆ.

ನರಸಮ್ಮನವರೇ, ಹಿಂದೆ ಕಂಬದ ಹತ್ತಿರ ನೀವು ನಿಂತಿರುವುದು ನನಗೆ ಕಾಣುತ್ತಿದೆ. ನಿಮ್ಮ ಮನೆಯ ವಿಷಯ ಮೈಕಿನಲ್ಲಿ ಮಾತಾಡುವ ಹಕ್ಕು ನನಗಿಲ್ಲ. ನನ್ನ ಮನೆಯದನ್ನು ಹೇಳುತ್ತೇನೆ, ಈ ಊರಿನಲ್ಲಿ ಯಾರಿಗೂ ಹೇಳಿಲ್ಲ.

ನಾನು ಎಸ್ಸೆಸ್ಸೆಲ್ಸಿಯ ಲೆಕ್ಕದ ಪರೀಕ್ಷೆಯನ್ನು ಮೊದಲ ಸಲ ಬರೆಯಲೇ ಇಲ್ಲ. ಪರೀಕ್ಷಾ ಕೇಂದ್ರ ಬಂಗಾರಪೇಟೆ. ನನ್ನಪ್ಪ ಮುನಿಸ್ವಾಮಪ್ಪ ಬಸ್ಸು ಹತ್ತಿಸುತ್ತೇನೆಂದು ಕರೆದುಕೊಂಡು ಹೊರಟವರು ಬಸ್ ಸ್ಟಾಪಿನ ಹಿಂದೆ ಎಲೆ ಹಾಕುತ್ತಿದ್ದವರ ಜೊತೆ ಕೂತರು. "ಇದೊಂದಾಟ ಕಣಮ್ಮಿ, ನಾನೇ ಬಂದು ಅತ್ತಿಸ್ತೀನಿ, ಒಬ್ಳೇ ಓಗ್ಬ್ಯಾಡ" ಎಂದರು. ಪಕ್ಕದಲ್ಲಿ ನಿಂತೆ. ಬಿದ್ದ ಎಲೆಗಳನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿ, "ಅಪ್ಪ, ನಿಂಗ್ ಬೇಕಾದ ರಾಣಿ ಆಗ್ಲೇ ಬಿದ್ದೋಯ್ತು, ಏಳು" ಎಂದೆ. ಅಪ್ಪ ಏಳಲಿಲ್ಲ. "ನೋಡ್ರಲಾ ನನ್ ಮಗಳ ತಲೆ" ಎಂದು ಎಲ್ಲರಿಗೂ ತೋರಿಸಿ ಹಿಗ್ಗಿದರು. ಬಸ್ಸು ಬಂತು, ಹೋಯಿತು. ನನ್ನ ತಲೆಯನ್ನು ಅಪ್ಪ ಹೊಗಳಿದ್ದು ಅದೊಂದೇ ಸಲ. ಸಪ್ಲಿಮೆಂಟರಿಯಲ್ಲಿ ಪಾಸಾದೆ. ಅಪ್ಪನ ಮೇಲಿನ ಸಿಟ್ಟು ಈಗಲೂ ಹೋಗಿಲ್ಲ. ಆ ಹೊಗಳಿಕೆಯನ್ನೂ ಮರೆತಿಲ್ಲ. ಏನು ಮಾಡಲಿ?

ಆದ್ದರಿಂದ ಕೋದಂಡಪ್ಪನವರೇ, ನೀವು ಹೇಳಿಕೊಟ್ಟ ಆ ಒಂದು ಮಾತನ್ನು ನಾನು ಹೇಳುವುದಿಲ್ಲ. ಸೋಮವಾರವೂ ನನ್ನ ಡೆಸ್ಕಿನ ಮೇಲೆ ಎಲೆ ಇರುತ್ತದೆ. ಬೇಕಾದರೆ ನೋಟಿಸು ಕೊಡಿ, ಉತ್ತರ ಬರೆಯುತ್ತೇನೆ. ಇನ್ನು ಮೇಲೆ ಕಟ್ಟು ಮಕ್ಕಳ ಮನೆಗೆ ಹೋಗುವುದಿಲ್ಲ, ಅದು ನನ್ನ ತಪ್ಪು, ಒಪ್ಪಿದೆ.

ನರಸಮ್ಮನವರೇ, ಲಿಖಿತಳಿಗೆ ಈಗ ಎಲೆಯ ಅಗತ್ಯವೂ ಇಲ್ಲ, ಲೆಕ್ಕ ಅವಳ ತಲೆಯೊಳಗಿದೆ. ಪರೀಕ್ಷೆಗೆ ಇನ್ನು ಹನ್ನೊಂದು ದಿನ. ನಾಳೆಯಿಂದ ದಿನಾ ಸಂಜೆ ನಿಮ್ಮ ಜಗಲಿಯ ಮೇಲೆ ಬಂದು ಕೂರುತ್ತೇನೆ, ನೀವು ಬೈದರೂ ಕೂರುತ್ತೇನೆ. ಅವಳ ಹಾಲ್ ಟಿಕೆಟ್ ನನ್ನ ಬ್ಯಾಗಿನಲ್ಲಿದೆ. ಪರೀಕ್ಷೆಯ ಬೆಳಿಗ್ಗೆ ಎಂಟು ಗಂಟೆಗೆ ನನ್ನ ಸ್ಕೂಟಿ ನಿಮ್ಮ ಬಾಗಿಲಲ್ಲಿ ನಿಂತಿರುತ್ತದೆ. ಎಲೆ ಆಡಿದವರಿಂದ ನನ್ನ ಪರೀಕ್ಷೆ ತಪ್ಪಿತು. ಎಲೆಯ ಮೇಲಿನ ಸಿಟ್ಟಿನಿಂದ ನಿಮ್ಮ ಮಗಳದ್ದು ತಪ್ಪಿದರೆ, ನನ್ನಪ್ಪನಿಗೂ ನಿಮಗೂ ಏನಮ್ಮ ವ್ಯತ್ಯಾಸ?

ಮಾತು ಒರಟಾಯಿತು. ಹಿಂತೆಗೆದುಕೊಳ್ಳುವುದಿಲ್ಲ. ಇಷ್ಟು ಹೊತ್ತು ಕೇಳಿದ್ದಕ್ಕೆ, ಈ ಶಾಲಿಗೆ, ಬಣ್ಣ ಹಚ್ಚಿಕೊಂಡು ಕಾದ ಮಕ್ಕಳಿಗೆ ನನ್ನ ಕೃತಜ್ಞತೆಗಳು. ನರಸಮ್ಮನವರೇ, ನಿಮಗೆ ವಿಶೇಷವಾಗಿ, ನಮಸ್ಕಾರ.