ಮುತ್ತವ್ವ ಹೊಲಿದ ಹೊಗೆ ಚೀಲ

ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳುವ ಮಾತಲ್ಲ ಇದು. ನಂಬದವರು ಈಗಲೇ ಎದ್ದು ಮನೆಗೆ ಹೋಗಬಹುದು... ಆದರೆ ಒಬ್ಬೊಬ್ಬರೇ ಹೋಗಬೇಕು, ನೋಡಿ.

ಬನಹಟ್ಟಿಯಲ್ಲಿ ನಮ್ಮ ಹಿಂದಿನ ಓಣಿಯ ಬಾಳೇಶ, ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾನೆ. ಕಟ್ಟಿಗೆ, ಕಲ್ಲಿದ್ದಲು ಹಾಕಿ ಉರಿ ಕಾಯುವ ಕೆಲಸ. ಹೋದ ಚಳಿಗಾಲದಲ್ಲಿ ಒಂದು ರಾತ್ರಿ ಪಾಳಿ ಮುಗಿಸಿ ಹೊರಟಿದ್ದ. ಹನ್ನೆರಡೂವರೆ ಆಗಿರಬೇಕು. ಕರೆಂಟ್ ಹೋಗಿ ಮಗ್ಗಗಳೆಲ್ಲ ನಿಂತಿದ್ದವು. ಅವು ನಿಂತರೆ ನಮ್ಮೂರಲ್ಲಿ ಕಿವಿ ಗುಂಯ್ ಅನ್ನುತ್ತದೆ.

ಹಳೇ ಬಾವಿಯ ಹತ್ತಿರ ಬಂದಾಗ ಸದ್ದು ಕೇಳಿಸಿತು. ಧಪ್... ಧಪ್... ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿಯುವ ಸದ್ದು. ಮುದುಕಿಯೊಬ್ಬಳು ಬೆನ್ನು ತಿರುಗಿಸಿ ಕೂತು ಬಿಳಿ ಬಟ್ಟೆ ಒಗೆಯುತ್ತಿದ್ದಳು.

"ಇಷ್ಟೊತ್ತಿನ್ಯಾಗ ಯಾರಬೇ?" ಅಂದ ಬಾಳೇಶ.

"ಮಸಿ ಹೋಗವಲ್ದೋ ತಮ್ಮಾ..."

ಪಿಸುಮಾತು. ತಿರುಗಲಿಲ್ಲ ಅವಳು. ಆದರೆ ದನಿ ಗುರುತಾಯಿತು... ಮುತ್ತವ್ವನ ದನಿ. ಹನ್ನೆರಡು ದಿನದ ಹಿಂದೆ ಆ ಮುತ್ತವ್ವನಿಗೆ ಮಣ್ಣು ಕೊಟ್ಟು ಬಂದವರಲ್ಲಿ ಬಾಳೇಶನೂ ಒಬ್ಬ.

ಚಪ್ಪಲಿ ಅಲ್ಲೇ ಬಿಟ್ಟು ಓಡಿದ.

ಮನೆಯಲ್ಲಿ ಹೆಂಡತಿ ಕಾವೇರಿ ಎಚ್ಚರ ಇದ್ದಳು. ಮೂರು ವರ್ಷದ ರೇಷ್ಮಾಳನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡುತ್ತಿದ್ದಳು. ಕೂಸಿನ ಎದೆಯಿಂದ ಸುಂಯ್... ಸುಂಯ್... ಎಂದು ಸಿಳ್ಳೆ.

"ಹೊಗಿಯಿಂದ ದೂರ ಇಡ್ರಿ ಅಂತಾನ ಡಾಕ್ಟರ್. ನೀವ ಬಿಡೂ ಹೊಗಿ, ನಮ್ಮನಿಗೇ ಬರ್ತೈತಿ. ಎಲ್ಲಿ ಇಡಲಿ ಈ ಕೂಸನ್ನ?"

ಬಾಳೇಶ ಕೂಸನ್ನು ತನ್ನ ಹೆಗಲಿಗೆ ತೆಗೆದುಕೊಂಡ. ಬಾಯಿ ಬಿಚ್ಚಿದರೆ ಮುತ್ತವ್ವನ ಸಂಗತಿ ಹೊರಗೆ ಬರುತ್ತಿತ್ತು.

ಆ ಸಂಗತಿ ಇಷ್ಟು. ಬಾಯ್ಲರಿನ ಪಕ್ಕ ಒಂದು ಕಬ್ಬಿಣದ ಕೋಣೆ ಇದೆ. ಅದರಲ್ಲಿ ಮೂವತ್ತೆರಡು ಉದ್ದನೆಯ ಚೀಲ ನೇತುಹಾಕಿರುತ್ತಾರೆ. ಹೊಗೆ ಆ ಚೀಲಗಳನ್ನು ಹಾಯ್ದು ಚಿಮಣಿಗೆ ಹೋಗಬೇಕು, ಮಸಿ ಬೂದಿ ಎಲ್ಲ ಅಲ್ಲೇ ಉಳಿಯಬೇಕು. ಬೆಂಕಿಯ ಕಾವು ತಡೆಯುವ ಬೇರೆ ಥರದ ಬಟ್ಟೆಯ ಚೀಲ ಅವು. ದೂರದಿಂದ ಬರುತ್ತವೆ, ತುಟ್ಟಿ. ಅವು ಹರಿದಾಗ ಮಾಲೀಕ ಶಿವಾಜಿ ಸಾಹುಕಾರ ನಕ್ಕುಬಿಟ್ಟ.

"ನೇಕಾರರ ಊರಾಗ ಕುಂತು ಬಟ್ಟಿ ಹೊರಗಿಂದ ತರಸೂದೇನಲೇ? ನಮ್ಮ ಮಗ್ಗ ಏನ್ ಸತ್ತಾವೇನು?"

ದಪ್ಪನೆಯ ಹತ್ತಿ ಬಟ್ಟೆ ನೇಯಿಸಿದ. ಹೊಲಿಯಲು ಕೊಟ್ಟಿದ್ದು ಕಾರ್ಖಾನೆಯ ಹಿಂದಿನ ಮನೆಯ ಮುತ್ತವ್ವನಿಗೆ. ಅವಳಿಗೆ ಮೊದಲೇ ದಮ್ಮು. ಈ ಚೀಲ ಹಾಕಿದರೆ ತನ್ನ ಉಸಿರು ಹಗುರಾಗುತ್ತದೆಂದು ಹಗಲು ರಾತ್ರಿ ಕೂತು ಕೈಯಿಂದ ಹೊಲಿದಳು. ಒಮ್ಮೆ ಸೂಜಿ ನಿಲ್ಲಿಸಿ ಬಾಳೇಶನನ್ನು ಕೇಳಿದಳು: "ಬೆಂಕಿ ಕಾವು ತಡೀತೈತೇನೋ ಇದು?"

ತಡೆಯುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಆದರೂ ಅಂದ, "ತಡೀತೈತವ್ವಾ."

ಒಂದೇ ರಾತ್ರಿಯಲ್ಲಿ ಮೂವತ್ತೆರಡೂ ಸುಟ್ಟು ಕರಕಲಾದವು. ಬಾಳೇಶನೇ ಬಾಚಿ ತಿಪ್ಪೆಗೆ ಹಾಕಿದ. ಹೊಸವು ಬರುವ ತನಕ ಬೈಪಾಸ್ ಹಿಡಿಕೆ ಎಳೆದುಬಿಡು ಅಂದ ಸಾಹುಕಾರ. ಎಳೆದರೆ ಹೊಗೆ ಕೋಣೆಗೆ ಹೋಗದೆ ನೆಟ್ಟಗೆ ಚಿಮಣಿ ಸೇರುತ್ತದೆ. ಹಗಲು ಯಾರಾದರೂ ನೋಡಿಯಾರು ಎಂದು ಸಣ್ಣ ಉರಿ, ರಾತ್ರಿ ಜೋರು ಉರಿ. ನಾಲ್ಕು ತಿಂಗಳಾದರೂ ಹೊಸ ಚೀಲ ಬರಲಿಲ್ಲ. ಮುತ್ತವ್ವನ ಉಸಿರು ಮಾತ್ರ ನಿಂತಿತು.

ಬಾವಿಯ ಹತ್ತಿರ ಅವಳನ್ನು ಕಂಡ ಮರುದಿನ ರಾತ್ರಿ ಬಾಳೇಶ ಹಿಡಿಕೆ ಎಳೆದು, ಒಲೆಗೆ ಕಲ್ಲಿದ್ದಲು ಹಾಕಿ ಕೂತ. ಹತ್ತು ಗಂಟೆ ದಾಟಿತ್ತು.

ಖಟಕ್.

ಹಿಡಿಕೆ ತಾನೇ ಹಿಂದಕ್ಕೆ ಸರಿದು ಬೈಪಾಸ್ ಮುಚ್ಚಿಕೊಂಡಿತ್ತು. ಎದ್ದು ಮತ್ತೆ ಎಳೆದ. ಕೂತ.

ಖಟಕ್...

ಹೊರಗೆ ಹೋಗಿ ತಲೆ ಎತ್ತಿ ನೋಡಿದ. ಒಳಗೆ ಉರಿ ಭಗಭಗ ಅನ್ನುತ್ತಿತ್ತು, ಚಿಮಣಿಯ ತುದಿಯಲ್ಲಿ ಹೊಗೆಯೇ ಇಲ್ಲ. ಅದರ ಹಿಂದಿನ ಚುಕ್ಕಿ ಕೂಡ ಕಾಣುತ್ತಿತ್ತು. ಚೀಲವೇ ಇಲ್ಲದ ಕೋಣೆ ಅದು... ಮಸಿಯೆಲ್ಲ ಎಲ್ಲಿ ಹೋಗುತ್ತಿತ್ತು?

ಕಬ್ಬಿಣದ ಬಾಗಿಲಿಗೆ ಕಿವಿ ಕೊಟ್ಟ. ಒಳಗೆ ಸರ್ರ್... ಸರ್ರ್... ದಪ್ಪ ಬಟ್ಟೆಯಲ್ಲಿ ದಾರ ಎಳೆಯುವ ಸದ್ದು. ನಡುನಡುವೆ ಖೊಕ್... ಖೊಕ್...

"ತಡೀತೈತೇನೋ?"

ಬಾಳೇಶ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

"ತಮ್ಮಾ... ತಡೀತೈತೇನೋ ಇದು?"

"ಇಲ್ಲವ್ವಾ... ತಡಿಯಂಗಿಲ್ಲ. ನನಗ ಆವತ್ತೇ ಗೊತ್ತಿತ್ತು."

"ಮತ್ಯಾಕ ಸುಳ್ಳ ಹೇಳಿದಿ?"

"ಖರೆ ಹೇಳಿದ್ರ ಕೆಲಸ ಹೋಗತಿತ್ತವ್ವಾ..."

ದಾರದ ಸದ್ದು ನಿಂತಿತು. ಆಮೇಲೆ ಸಣ್ಣಗೆ, ಬಾಗಿಲಿಗೆ ಬಾಯಿ ಹಚ್ಚಿ ಅಂದಂತೆ:

"ಸಣ್ಣ ಚೀಲ ಒಂದ ಹೊಲಿಯಾಕತ್ತೇನಿ. ರೇಷ್ಮಾನ ಅಳತಿದು."

ಬಾಳೇಶ ಸಲಿಕೆ ಹಿಡಿದು ಒಲೆಯೊಳಗಿನ ಕೆಂಡವನ್ನೆಲ್ಲ ಹೊರಗೆ ಎಳೆದು ಹಾಕಿದ. ನೀರು ಸುರಿದ. ಚುಂಯ್ ಎಂದು ಉಗಿ ಎದ್ದು ಅವನ ಮೊಳಕೈ ಸುಟ್ಟಿತು, ಬಿಡಲಿಲ್ಲ. ತೊಟ್ಟಿಯಲ್ಲಿದ್ದ ನೂಲೆಲ್ಲ ಅರ್ಧ ಬಣ್ಣಕ್ಕೇ ಕೆಟ್ಟಿತು. ಸತ್ತವಳಿಗೆ ಹೆದರಿದನೋ, ಮಗಳ ಉಸಿರಿಗೆ ಹೆದರಿದನೋ, ಅವನಿಗೇ ಗೊತ್ತಿಲ್ಲ. ನನ್ನನ್ನು ಕೇಳಿದರೆ ಎರಡಕ್ಕೂ.

ಬೆಳಗ್ಗೆ ಸಾಹುಕಾರ ಹರಿಹಾಯ್ದು ಬಂದ. "ಯಾರನ್ನ ಕೇಳಿ ಆರಿಸಿದಿಲೇ? ನೂಲ ನಿಮ್ಮಪ್ಪ ತುಂಬಿ ಕೊಡ್ತಾನೇನು?"

"ಖರೆ ಚೀಲ ಬರೂತನ ನಾ ಉರಿ ಹಚ್ಚಂಗಿಲ್ರೀ ಸಾಹುಕಾರ. ಬೇಕಂದ್ರ ಇವತ್ತ ತಗದ ಹಾಕ್ರಿ. ಅದಕ್ಕೂ ಮೊದಲ ಆ ಬಾಗಲಾ ತಗೀರಿ."

ಸಾಹುಕಾರ ಬೈಯುತ್ತಲೇ ಬಾಗಿಲು ತೆಗೆದ. ಬೈಗುಳ ಅರ್ಧಕ್ಕೇ ನಿಂತಿತು. ಒಳಗೆ ಮೂವತ್ತೆರಡೂ ಹತ್ತಿ ಚೀಲ ನೇತಾಡುತ್ತಿದ್ದವು. ಬೆಳ್ಳಗೆ. ಮಸಿಯ ಒಂದು ಚುಕ್ಕೆಯೂ ಇಲ್ಲ. ಮೂಲೆಯಲ್ಲಿ ಇನ್ನೊಂದು, ಕೂಸಿನ ಅಂಗಿಯಷ್ಟು ಸಣ್ಣದು... ಅರ್ಧ ಹೊಲಿದದ್ದು.

ಸಾಹುಕಾರ ಅಲ್ಲೇ ನಿಂತು ಫೋನ್ ಹಚ್ಚಿದ. ಎಂಟು ದಿನದಲ್ಲಿ ಖರೆ ಚೀಲ ಬಂದವು, ಅಲ್ಲಿಯ ತನಕ ಬಾಯ್ಲರ್ ತಣ್ಣಗಿತ್ತು. ರೇಷ್ಮಾಳ ಎದೆಯ ಸಿಳ್ಳೆ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ.

ನೀವು ಅನ್ನಬಹುದು, ಯಾರೋ ರಾತ್ರಿ ತಂದು ತೂಗುಹಾಕಿದ್ದರು ಅಂತ. ಅನ್ನಿ. ಬಾಳೇಶ ಸುಳ್ಳು ಹೇಳಿ ಒಮ್ಮೆ ಕೆಟ್ಟವನು, ಮತ್ತೆ ಹೇಳುವವನಲ್ಲ. ಆ ಸಣ್ಣ ಚೀಲವನ್ನು ಬಿಚ್ಚಿದವನು ಅವನೇ. ಕೋಣೆಯ ಗೋಡೆ ಇನ್ನೂ ಕೈ ಚುರ್ ಅನ್ನುವಷ್ಟು ಬಿಸಿ ಇತ್ತಂತೆ. ಸೂಜಿ ಬಟ್ಟೆಯಲ್ಲೇ ಚುಚ್ಚಿಕೊಂಡಿತ್ತು, ಆಗಷ್ಟೇ ಹೊಸ ದಾರ ಪೋಣಿಸಿದಂತಿತ್ತು. ಅವನು ದಾರದ ತುದಿ ಮುಟ್ಟಿ ನೋಡಿದ... ಒದ್ದೆ ಇತ್ತು. ಪೋಣಿಸುವ ಮೊದಲು ಬಾಯಲ್ಲಿಟ್ಟು ಎಂಜಲು ಮಾಡುತ್ತಾರಲ್ಲ, ಹಾಗೆ.