ತಾಮ್ರದ ಕಂಬ

ವಿಜಯಪುರದಲ್ಲಿ, ಪೆಟ್ರೋಲ್ ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನ ಒಲೆ ಕಾಯುವವರೆಗೂ ಪ್ರಯಾಣಿಕ ಅನೀಸನ ಕಿವಿಯೆಲ್ಲ ಪಕ್ಕದವರ ಮಾತಿನ ಮೇಲೇ. ಲಕ್ಷ್ಮಯ್ಯನನ್ನು ತಾಮ್ರದ ಗಣಿಗೆ ಕರೆದೊಯ್ಯಲು ಹೈದರ್ ಬಂದಿದ್ದ. ಲಕ್ಷ್ಮಯ್ಯನ ಹೆಂಡತಿ ಮುನಿಗಂಗಮ್ಮ ಬುತ್ತಿ ಹಿಡಿದು ನಿಂತಿದ್ದಳು.

"ನೆಲದೊಳಗೆ ಅಷ್ಟಗಲ ತೋಡಿದ್ರೆ ಮೇಲಿಂದು ಬೀಳಲ್ವಾ, ಹೈದರಣ್ಣ?"

"ಅಲ್ಲಲ್ಲಿ ತಾಮ್ರದ ಕಲ್ಲನ್ನೇ ತೋಡ್ದೆ ಕಂಬದ ಹಂಗೆ ಬಿಡ್ತೀವಿ, ತಂಗಿ."

"ಮರದ ಕಂಬ ಕೊಡಬಾರ್ದಾ?"

"ಯುದ್ಧ ಬಂದ್ಮೇಲೆ ಮರ ಬಲು ದುಬಾರಿ."

"ಅಯ್ಯೋ, ತಾಮ್ರವೇ ಅಗ್ಗವಾ! ಆ ಕಂಬ ಅಲ್ಲೇ ಬಿಟ್ಬರ್ತೀರಾ?"

"ಬಿಟ್ಟಾರಾ? ಕೊನೇಲಿ ಒಂದೊಂದೇ ಒಡ್ಕೊಂಡು ಹಿಂದಕ್ಕೆ ಬರ್ತೀವಿ."

"ಆಗ ಸೂರು ಹೊರೋರ್ಯಾರು?"

"ಯಾರೂ ಇಲ್ಲ. ಅದಕ್ಕೇ ಎರಡರಷ್ಟು ಕೂಲಿ."

"ನಮ್ ಯಜಮಾನ್ರಿಗೆ ಯಾವ ಕೆಲಸ?"

ಹೈದರ್ ಬೀಡಿ ಆರಿಸಿದ. "ಅದೇ."

ಬಸ್ಸು ಗುರುಗುಟ್ಟಿತು. ಮುನಿಗಂಗಮ್ಮ ಬುತ್ತಿಯನ್ನು ಹೈದರನ ಕೈಗಿಟ್ಟಳು.

"ರೊಟ್ಟಿ ದಾರೀಲಿ ನೀನೇ ತಿನ್ನಣ್ಣ. ಇವ್ರು ನಂಜೊತೆ ಮನೆಗ್ ಬರ್ತಾರೆ."

ಲಕ್ಷ್ಮಯ್ಯ ಅವಳ ಹಿಂದೆ ತಮ್ಮೂರು ಕುಂದಾಣದ ದಾರಿ ಹಿಡಿದ.